ಡೀಸೆಲ್‌ಗೂ ಆಸ್ಪತ್ರೆಗೂ ಸರ್ಕಾರವೇ ರೇಟ್ ಕಟ್ಟಲಿ ಅಂದ್ರೆ ತಪ್ಪೇನು?

ಶಿರಾ ಕ್ಯಾಂಟರ್
ನನ್ನದು ಎರಡು ಕ್ಯಾಂಟರ್ ಇವೆ. ಒಂದನ್ನು ನಾನೇ ಓಡಿಸುತ್ತೇನೆ, ಇನ್ನೊಂದಕ್ಕೆ ಡ್ರೈವರ್ ಇದ್ದಾನೆ. ಬೆಂಗಳೂರಿಗೆ ಈರುಳ್ಳಿ ಲೋಡು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 14.3ರಿಂದ 18.4 ಪರ್ಸೆಂಟ್‌ಗೆ ಏರಿಸಿತು. 2025ರ ಏಪ್ರಿಲ್ 1ಕ್ಕೆ ಮತ್ತೆ 21.17 ಆಯಿತು. ವರ್ಷ ತುಂಬುವ ಮೊದಲೇ ಲೀಟರಿಗೆ ಹತ್ತಿರ ಹತ್ತಿರ ಐದು ರೂಪಾಯಿ ಜಾಸ್ತಿ. ಆ ಏಪ್ರಿಲ್‌ನಲ್ಲಿ ಲಾರಿ ಮುಷ್ಕರ ಆಯ್ತಲ್ಲ, ನಾನೂ ಗಾಡಿ ನಿಲ್ಲಿಸಿದ್ದೆ. ಏನೂ ಉಪಯೋಗ ಆಗಲಿಲ್ಲ. ಬಾಡಿಗೆ ಜಾಸ್ತಿ ಕೇಳಿದರೆ ಮಂಡಿಯವರು ಬೇರೆ ಗಾಡಿಗೆ ಫೋನ್ ಮಾಡುತ್ತಾರೆ.

ಇನ್ನೊಂದು ಕಡೆ ಆಸ್ಪತ್ರೆ. 2016ರಲ್ಲಿ ಅಪ್ಪನಿಗೆ ಒಂದು ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿದೆವು. ಸ್ಟೆಂಟ್ ಒಂದಕ್ಕೇ 1 ಲಕ್ಷದ 15 ಸಾವಿರ, ಒಟ್ಟು 2 ಲಕ್ಷ 30 ಸಾವಿರ. 2019ರಲ್ಲಿ ಭಾವನಿಗೆ ಅದೇ ಆಸ್ಪತ್ರೆಯಲ್ಲಿ ಅದೇ ಕೆಲಸ. ಅಷ್ಟರಲ್ಲಿ ಸರ್ಕಾರ ಸ್ಟೆಂಟ್‌ಗೆ ಗರಿಷ್ಠ ದರ ಕಟ್ಟಿತ್ತು, ಸ್ಟೆಂಟ್ 30 ಸಾವಿರದ ಒಳಗೇ ಬಂತು. ಸರಿ, ಈ ಸಲ ಬಚಾವ್ ಅಂದುಕೊಂಡೆ. ಒಟ್ಟು ಬಿಲ್ ನೋಡಿದರೆ 1 ಲಕ್ಷ 90 ಸಾವಿರ!

ಅದಕ್ಕೇ ಕೇಳುತ್ತಿದ್ದೇನೆ. ಸ್ಟೆಂಟ್ ಒಂದಕ್ಕೇ ಯಾಕೆ? ಇಡೀ ಬಿಲ್‌ಗೇ ಒಂದು ರೇಟ್ ಕಟ್ಟಲಿ, ಡೀಸೆಲ್‌ಗೂ ಕಟ್ಟಲಿ. ಇದಕ್ಕಿಂತ ಮುಖ್ಯವಾದ ಕೆಲಸ ಸರ್ಕಾರಕ್ಕೆ ಏನಿದೆ?

ಬಂಕ್ ಭಾವ
ಅಣ್ಣ, ಡೀಸೆಲ್ ವಿಷಯ ನನ್ನನ್ನು ಕೇಳಿ. ಹಾವೇರಿ ಕಡೆ ಒಂದು ಬಂಕ್ ನೋಡಿಕೊಳ್ಳುತ್ತಿದ್ದೇನೆ. ರೇಟ್ ಹಿಡಿದು ನಿಲ್ಲಿಸಿದರೆ ಏನಾಗುತ್ತೆ ಅಂತ 2022ರಲ್ಲಿ ಕಣ್ಣಾರೆ ಕಂಡಿದ್ದೇನೆ.

ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ಎಣ್ಣೆ ನೂರು ಡಾಲರ್ ದಾಟಿತು. ಬಂಕ್‌ನಲ್ಲಿ ಮಾತ್ರ ಬೋರ್ಡ್ ಮೇಲಿನ ರೇಟ್ ಅದಕ್ಕೆ ತಕ್ಕಂತೆ ಏರಲಿಲ್ಲ. ಆದರೆ ಸಗಟಾಗಿ ಕೊಳ್ಳುವವರಿಗೆ, ಅಂದರೆ ಫ್ಯಾಕ್ಟರಿ, ಬಸ್ ಡಿಪೋ ಇಂಥವರಿಗೆ, ಮಾರ್ಚ್‌ನಲ್ಲೇ ಲೀಟರಿಗೆ 25 ರೂಪಾಯಿ ಏರಿಸಿದ್ದರು. ಅವರೆಲ್ಲ ಏನು ಮಾಡಿದರು? ಕ್ಯೂ ಕಟ್ಟಿಕೊಂಡು ಬಂಕ್‌ಗೇ ಬಂದರು. ಸರ್ಕಾರಿ ಬಸ್ಸೂ ಡಿಪೋ ಬಿಟ್ಟು ರಸ್ತೆ ಬದಿ ಬಂಕ್‌ನಲ್ಲಿ ಡೀಸೆಲ್ ಹಾಕಿಸಿಕೊಂಡಿತು. ಖಾಸಗಿ ಕಂಪನಿಗಳ ಬಂಕ್‌ಗಳು, ನಷ್ಟಕ್ಕೆ ಯಾರು ಮಾರುತ್ತಾರೆ, ಎಷ್ಟೋ ಕಡೆ ಬಾಗಿಲು ಎಳೆದುಕೊಂಡವು. ನಮಗೆ ಮೊದಲೆಲ್ಲ ಲೋಡ್ ಬಂದ ಮೇಲೆ ದುಡ್ಡು ಕಟ್ಟಲು ಎರಡು ದಿನ ಟೈಮ್ ಇರುತ್ತಿತ್ತು. ಆವಾಗ ಮೊದಲು ದುಡ್ಡು, ಆಮೇಲೆ ಟ್ಯಾಂಕರ್. ಕಟ್ಟಿದರೂ ಟ್ಯಾಂಕರ್ ಇವತ್ತು ಬರುತ್ತೆ, ನಾಳೆ ಬರುತ್ತೆ.

ಜೂನ್ ತಿಂಗಳು, ಮುಂಗಾರು ಬಿತ್ತನೆ. ಎರಡು ಡ್ರಮ್ ಇಟ್ಟು ಹಗ್ಗ ಕಟ್ಟಿ ರಟ್ಟಿನ ಮೇಲೆ 'ಡೀಸೆಲ್ ಇಲ್ಲ' ಅಂತ ನಾನೇ ಬರೆದು ತೂಗುಹಾಕಿದ್ದೆ. ಟ್ರ್ಯಾಕ್ಟರ್ ಹೊಲದಲ್ಲೇ ಬಿಟ್ಟು ಕ್ಯಾನ್ ಹಿಡಿದು ಬಂದವರು ಹಗ್ಗ ದಾಟಿ ಬಂದು ನನ್ನ ಕಾಲರ್ ಹಿಡಿದರು. ಅವರ ತಪ್ಪಿಲ್ಲ, ಭೂಮಿ ಹದ ಆರಿ ಹೋಗ್ತಿತ್ತು. ಬೋರ್ಡ್ ಮೇಲೆ ರೇಟ್ ಕಮ್ಮಿ ಇತ್ತು ಅಣ್ಣ. ಪೈಪಿನಲ್ಲಿ ಡೀಸೆಲ್ ಇರಲಿಲ್ಲ.

ಶಿರಾ ಕ್ಯಾಂಟರ್
ಹೌದು, ನೆನಪಿದೆ. ಹಿರಿಯೂರು ಹತ್ತಿರ ಒಂದು ರಾತ್ರಿ ಪೂರ್ತಿ ಮಲಗಿದ್ದೆ. ಹಾಗಂತ ಈಗಿನ ರೇಟ್ ಸರಿ ಅಂತೀರಾ?

ಲೆಕ್ಕದ ಮೇಷ್ಟ್ರು
ಇಲ್ಲಿ ಒಂದು ಗೊಂದಲ ಇದೆ. ಡೀಸೆಲ್‌ಗೆ ಈಗ ಸರ್ಕಾರದ ಹಿಡಿತ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಾಗದದ ಮೇಲೆ ಇಲ್ಲ, ನಿಜ. ಪೆಟ್ರೋಲ್ 2010ರ ಜೂನ್‌ನಲ್ಲಿ, ಡೀಸೆಲ್ 2014ರ ಅಕ್ಟೋಬರ್‌ನಲ್ಲಿ ಬಿಡುಗಡೆ ಆದವು. 2017ರ ಜೂನ್‌ನಿಂದ ದಿನಾ ಬೆಳಿಗ್ಗೆ ದರ ಬದಲಾಗುವ ಪದ್ಧತಿಯೂ ಬಂತು.

ಆದರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ನೆನಪಿದೆಯಾ? ಏಪ್ರಿಲ್ 24ರಿಂದ 19 ದಿನ ದರ ಒಂದು ಪೈಸೆ ಏರಲಿಲ್ಲ. ಮೇ 12ಕ್ಕೆ ಮತದಾನ ಮುಗಿಯಿತು, 14ಕ್ಕೆ ಏರಲು ಶುರು. ಕಾಕತಾಳೀಯ ಇರಬಹುದು. ಆಮೇಲೆ ಉತ್ತರ ಪ್ರದೇಶ, ಪಂಜಾಬ್ ಎಲ್ಲ ಚುನಾವಣೆ ಇದ್ದಾಗ 2021ರ ನವೆಂಬರ್‌ನಿಂದ 2022ರ ಮಾರ್ಚ್‌ವರೆಗೆ 137 ದಿನ ನಿಂತಿತ್ತು. ಫಲಿತಾಂಶ ಬಂದ ಮೇಲೆ 16 ದಿನದಲ್ಲಿ 14 ಸಲ ಏರಿ ಹತ್ತು ರೂಪಾಯಿ ಹೋಯಿತು. ಎರಡೆರಡು ಸಲ ಕಾಕತಾಳೀಯ ಅಂದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ.

ಇನ್ನು ಕೆಳಗೆ ಇಳಿಯಬೇಕಾದಾಗ ಏನಾಯಿತು ನೋಡಿ. 2020ರ ಮೇ, ಲಾಕ್‌ಡೌನ್. ಪ್ರಪಂಚದಲ್ಲೆಲ್ಲ ಎಣ್ಣೆ ಬೆಲೆ ನೆಲಕಚ್ಚಿತ್ತು. ಕೇಂದ್ರ ಒಂದೇ ದಿನ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಅಬಕಾರಿ ಸುಂಕ ಏರಿಸಿತು. ಬಂಕ್‌ನಲ್ಲಿ ದರ ಅಷ್ಟಕ್ಕಷ್ಟೇ ನಿಂತಿತು, ಇಳಿಯಬೇಕಾದ್ದೆಲ್ಲ ದೆಹಲಿಗೆ ಹೋಯಿತು. ನಂತರ 2021, 2022ರಲ್ಲಿ ಕಡಿತ ಮಾಡಿದರು, ಸುಳ್ಳು ಹೇಳಬಾರದು. ಆದರೂ ಏರುವಾಗ ಮಾರುಕಟ್ಟೆ, ಇಳಿಯುವಾಗ ಖಜಾನೆ. ನೀವು ಮುಷ್ಕರ ಮಾಡಿದ್ದೂ ತೆರಿಗೆ ವಿರುದ್ಧವೇ ಅಲ್ವಾ? ಅದಕ್ಕೆ ದರ ನಿಯಂತ್ರಣ ಮದ್ದಲ್ಲ. ತೆರಿಗೆ ಇಳಿಸಿ ಅಂತ ಕೇಳಬೇಕು. ಮತ್ತು ಆ ದುಡ್ಡು ಎಲ್ಲಿಂದ ತುಂಬುತ್ತೀರಿ ಅಂತಲೂ ಕೇಳಬೇಕು, ಅದನ್ನು ಮಾತ್ರ ಯಾರೂ ಕೇಳಲ್ಲ.

ತಲಪಾಡಿ ಗೇಟ್
ನಮ್ಮಲ್ಲಿ ಕೇರಳ ಗಡಿಗೆ ಬಂದು ನೋಡಿ ಮಾರಾಯ್ರೇ. 2023ರ ಏಪ್ರಿಲ್‌ನಲ್ಲಿ ಕೇರಳ ಲೀಟರಿಗೆ ಎರಡು ರೂಪಾಯಿ ಸೆಸ್ ಹಾಕಿದ ಮೇಲೆ ಕರ್ನಾಟಕದ ಕಡೆ ಬಂಕ್‌ನಲ್ಲಿ ಕೆಎಲ್ ನಂಬರಿನ ಗಾಡಿಗಳದ್ದೇ ಸಾಲು. ನಾನೇ ಮಂಜೇಶ್ವರದವ, ಕೆಲಸಕ್ಕೆ ಮಂಗಳೂರು. ಟ್ಯಾಂಕ್ ತುಂಬಿಸುವುದು ಯಾವಾಗಲೂ ವಾಪಸ್ ಹೋಗುವಾಗ.

ಬುಡಾಪೆಸ್ಟ್ ಬೆಣ್ಣೆದೋಸೆ
ದಾವಣಗೆರೆಯವನು, ಈಗ ಹಂಗೇರಿಯಲ್ಲಿದ್ದೇನೆ. ಇಲ್ಲಿ 2021ರ ನವೆಂಬರ್‌ನಲ್ಲಿ ಲೀಟರಿಗೆ 480 ಫೋರಿಂಟ್ ಅಂತ ಸರ್ಕಾರ ಬಿಗಿ ಮಾಡಿತು. ಮೊದಲಿಗೆ ನಮಗೆಲ್ಲ ಖುಷಿ. ಆಮೇಲೆ ಪಕ್ಕದ ದೇಶದವರು ಬಂದು ತುಂಬಿಸಿಕೊಳ್ಳುತ್ತಾರೆ ಅಂತ ಹೊರದೇಶದ ನಂಬರ್ ಪ್ಲೇಟಿಗೆ ಆ ದರ ಇಲ್ಲ ಅಂದರು. ಕೊನೆಕೊನೆಗೆ ಬಂಕ್‌ಗಳೇ ಬರಿದಾಗಿ 2022ರ ಡಿಸೆಂಬರ್‌ನಲ್ಲಿ ರಾತ್ರೋರಾತ್ರಿ ತೆಗೆದು ಹಾಕಿದರು. ಹಾವೇರಿ ಬಂಕ್‌ನವರು ಬರೆದಿದ್ದು ಓದಿ ಇಲ್ಲಿನದೇ ಕಥೆ ಅನ್ನಿಸಿತು, ಕಾಲರ್ ಹಿಡಿಯುವುದು ಬಿಟ್ಟು.

ಹಳೇ ಚಿಮಣಿ
ಈಗಿನ ಹುಡುಗರಿಗೆ ಸೀಮೆಎಣ್ಣೆ ಕ್ಯೂ ಗೊತ್ತಿಲ್ಲ. ನಾನು ಕೆಜಿಎಫ್‌ನವನು. ನ್ಯಾಯಬೆಲೆ ಅಂಗಡಿ ಮುಂದೆ ಡಬ್ಬ ಇಟ್ಟು, ಡಬ್ಬದ ಮೇಲೆ ಕಲ್ಲು ಇಟ್ಟು, ಮನೆಗೆ ಹೋಗಿ ತಿಂಡಿ ತಿಂದು ಬರುತ್ತಿದ್ದೆವು. ಬಡವರ ಎಣ್ಣೆ ಅಂತ ಗುರುತಿಗೆ ನೀಲಿ ಬಣ್ಣ ಬೆರೆಸಿರುತ್ತಿದ್ದರು. ಬೆಲೆ ತುಂಬಾ ಕಡಿಮೆ. ಡೀಸೆಲ್‌ಗೂ ಅದಕ್ಕೂ ಬೆಲೆಯಲ್ಲಿ ಇದ್ದ ವ್ಯತ್ಯಾಸದಿಂದ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದೇ ಒಂದು ದೊಡ್ಡ ದಂಧೆ ಆಯಿತು. ಬಡವರ ಡಬ್ಬಕ್ಕೆ ಬರಬೇಕಾದ್ದು ಎಷ್ಟೋ ಲಾರಿ ಟ್ಯಾಂಕಿಗೆ ಹೋಯಿತು.

ನಮ್ಮೂರಿನ ಹುಡುಗ ಮಂಜುನಾಥ್ ಷಣ್ಮುಗಂ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್‌ಗೆ ಸೇರಿದ್ದ. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕ್‌ಗೆ ಬೀಗ ಹಾಕಿಸಿದ. 2005ರ ನವೆಂಬರ್‌ನಲ್ಲಿ ಗುಂಡು ಹಾರಿಸಿ ಕೊಂದರು. 27 ವರ್ಷ ವಯಸ್ಸು. ಅಗ್ಗದ ದರ ಅಂದ ತಕ್ಷಣ ನನಗೆ ಆ ಹುಡುಗ ನೆನಪಾಗುತ್ತಾನೆ.

ಶಿರಾ ಕ್ಯಾಂಟರ್
ಹಿರಿಯರೇ, ಇದು ಗೊತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು
ಅದಕ್ಕೇ ಅಡುಗೆ ಗ್ಯಾಸ್ ಸಿಲಿಂಡರ್‌ಗೆ ಬೇರೆ ದಾರಿ ಹಿಡಿದರು. ಎಲ್ಲರಿಗೂ ಮಾರುಕಟ್ಟೆ ದರ, ಸಬ್ಸಿಡಿ ಬ್ಯಾಂಕ್ ಖಾತೆಗೆ. 2013ರ ಜೂನ್‌ನಲ್ಲಿ ಅದು ಶುರುವಾದ ಮೊದಲ ಜಿಲ್ಲೆಗಳಲ್ಲಿ ಕ್ಯಾಂಟರ್ ಅಣ್ಣನ ತುಮಕೂರೂ ಒಂದು. ಎರಡು ದರ ಇಲ್ಲದಿದ್ದರೆ ಕದಿಯಲು ಏನೂ ಇರಲ್ಲ.

ಶಿರಾ ಕ್ಯಾಂಟರ್
ಕದಿಯಲು ಏನೂ ಇರಲ್ಲ, ಖಾತೆಗೂ ಏನೂ ಬರಲ್ಲ 😄 ನಮ್ಮನೆಗೆ ಬರುವುದು ನಿಂತು ಎಷ್ಟು ವರ್ಷ ಆಯಿತೋ. ಸರಿ, ಡೀಸೆಲ್ ವಿಷಯ ಅರ್ಧ ಒಪ್ಪಿದೆ. ಆಸ್ಪತ್ರೆ?

ಔಷಧಿ ಅಂಗಡಿ ಅಕ್ಕ
ಆಸ್ಪತ್ರೆ ಬೇರೆ ಲೆಕ್ಕ. ಡೀಸೆಲ್ ದುಬಾರಿ ಆದರೆ ನೀವು ಒಂದು ಟ್ರಿಪ್ ಬಿಡಬಹುದು. ಎದೆನೋವು ಬಂದವರು ಸ್ಟ್ರೆಚರ್ ಮೇಲೆ ಮಲಗಿಕೊಂಡು ಚೌಕಾಸಿ ಮಾಡುತ್ತಾರಾ? ಯಾವ ಕಂಪನಿ ಸ್ಟೆಂಟ್ ಅಂತ ಆರಿಸುವವರು ಡಾಕ್ಟರು, ಮಾರುವುದು ಆಸ್ಪತ್ರೆ, ದುಡ್ಡು ಕೊಡುವವರು ನೀವು. ಇಂಥ ಕಡೆ ಮಾರುಕಟ್ಟೆ ಅನ್ನುವುದೇ ಇಲ್ಲ. 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ ಔಷಧಿ ಲೇಪಿಸಿದ ಸ್ಟೆಂಟ್‌ಗೆ 29,600, ಬರೀ ಲೋಹದ್ದಕ್ಕೆ 7,260 ಅಂತ ಕಟ್ಟಿತು. ಒಂದು ಲಕ್ಷ ದಾಟಿದ್ದು ಮೂವತ್ತು ಸಾವಿರಕ್ಕೆ ಬಂದರೂ ಸ್ಟೆಂಟ್ ಸಿಗುವುದು ನಿಲ್ಲಲಿಲ್ಲ. ಅಂದರೆ ಮಧ್ಯದಲ್ಲಿ ಎಷ್ಟು ಕೊಬ್ಬು ಇತ್ತು ಯೋಚನೆ ಮಾಡಿ. ಒಂದೆರಡು ದುಬಾರಿ ಮಾಡೆಲ್‌ಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ವಿದೇಶಿ ಕಂಪನಿಗಳು ಅರ್ಜಿ ಹಾಕಿದ್ದವು, ಅಷ್ಟೇ.

ಹಾಗಂತ ಎಲ್ಲಾ ಔಷಧಿಗೂ ಕಟ್ಟಿಬಿಡಿ ಅಂತ ನಾನು ಹೇಳಲ್ಲ. ಅಂಗಡಿಯಲ್ಲಿ ಕೂತವಳಿಗೆ ಗೊತ್ತು. 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಅಗತ್ಯ ಔಷಧಿ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ ಗರಿಷ್ಠ ದರ. ಆ ದರವನ್ನು ಹೇಗೆ ಕಟ್ಟುತ್ತಾರೆ ಗೊತ್ತಾ? ಮಾರುಕಟ್ಟೆಯಲ್ಲಿ ಒಂದು ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ, ಅದರ ಮೇಲೆ ಅಂಗಡಿಯವರಿಗೆ 16 ಪರ್ಸೆಂಟ್. ತಯಾರಿಸಲು ಎಷ್ಟು ಬೀಳುತ್ತೆ ಅಂತ ನೋಡುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ವರ್ಷಕ್ಕೆ 10 ಪರ್ಸೆಂಟ್ ಏರಿಸಬಹುದು. ಹಾಗಾಗಿ ಒಂಟಿ ಮಾತ್ರೆ ಪಟ್ಟಿಗೆ ಬಂದರೆ ಕಂಪನಿಯ ಮೆಡಿಕಲ್ ರೆಪ್ ಬಂದು ಪಟ್ಟಿಯಲ್ಲಿ ಇಲ್ಲದ, ಎರಡು ಔಷಧಿ ಸೇರಿಸಿದ ಮಾತ್ರೆ ಬಗ್ಗೆ ಹೊಗಳಲು ಶುರು ಮಾಡುತ್ತಾನೆ.

ದರ ತೀರಾ ಕಮ್ಮಿ ಆದರೂ ಕಷ್ಟ. ಬೆಂಜೈಲ್ ಪೆನ್ಸಿಲಿನ್, ಸಾಲ್ಬುಟಮಾಲ್, ಲಿಥಿಯಂ ಇಂಥ ಹಳೇ ಔಷಧಿಗಳನ್ನು ತಯಾರಿಸಿ ಗಿಟ್ಟಲ್ಲ ಅಂತ ಕಂಪನಿಗಳು ಕೈಬಿಡಲು ಹೊರಟಾಗ 2024ರ ಅಕ್ಟೋಬರ್‌ನಲ್ಲಿ ಎಂಟು ಔಷಧಿಗಳಿಗೆ ಸರ್ಕಾರವೇ ಗರಿಷ್ಠ ದರವನ್ನು 50 ಪರ್ಸೆಂಟ್ ಏರಿಸಿತು. ತಮಾಷೆ ಏನು ಅಂದರೆ 2017ರಲ್ಲಿ ಮಂಡಿ ಆಪರೇಷನ್ನಿನ ಇಂಪ್ಲಾಂಟ್ ದರ ಇಳಿಸಿದ್ದು ಆ 2013ರ ಆದೇಶದ 19ನೇ ಪ್ಯಾರಾದಲ್ಲಿ, ಇದನ್ನು ಏರಿಸಿದ್ದೂ ಅದೇ 19ನೇ ಪ್ಯಾರಾದಲ್ಲಿ.

ನನಗೆ ಸರಿ ಅನ್ನಿಸಿದ್ದು 2019ರಲ್ಲಿ ಮಾಡಿದ್ದು. 42 ಕ್ಯಾನ್ಸರ್ ಔಷಧಿಗಳಿಗೆ ಕಂಪನಿ ತನ್ನ ಬೆಲೆ ತಾನೇ ಹೇಳಲಿ, ಮಧ್ಯದವರು ಮಾತ್ರ 30 ಪರ್ಸೆಂಟ್‌ಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ ಅಂದರು. ತಯಾರಿಸುವವನ ಕತ್ತು ಹಿಸುಕಲಿಲ್ಲ.

ಬಿಲ್ಲಿಂಗ್ ಕೌಂಟರ್
ಹೆಸರು ಊರು ಹೇಳಲ್ಲ. ಆರು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಿಲ್ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ.

ಕ್ಯಾಂಟರ್ ಸರ್, ನಿಮ್ಮ ಭಾವನ ಬಿಲ್‌ನಲ್ಲಿ ಆಗಿದ್ದು ಇದು. ಸ್ಟೆಂಟ್ ದರ ಬಿದ್ದ ತಿಂಗಳೇ ಒಂದು ಮೀಟಿಂಗ್ ಆಯಿತು. ಕ್ಯಾಥ್ ಲ್ಯಾಬ್, ಅಂದರೆ ಸ್ಟೆಂಟ್ ಹಾಕುವ ಕೋಣೆಯ ಚಾರ್ಜ್ ಏರಿತು. ಸ್ಟೆಂಟ್ ಹಾಕಲು ಬೇಕಾದ ಬಲೂನ್, ಗೈಡ್‌ವೈರ್, ಕ್ಯಾಥೆಟರ್, ಇವಕ್ಕೆಲ್ಲ ಗರಿಷ್ಠ ದರ ಇರಲಿಲ್ಲ, ಅವೂ ಏರಿದವು. ಮೊದಲು ಪ್ಯಾಕೇಜ್ ಒಳಗೇ ಇದ್ದ ಗ್ಲೌಸ್, ಶೀಟ್ ಎಲ್ಲಾ ಬೇರೆ ಬೇರೆ ಸಾಲಾಗಿ ಬಂದವು. ಎರಡು ಪುಟದ ಬಿಲ್ ಐದು ಪುಟ ಆಯಿತು. ಜನ ಮೊದಲ ಪುಟದಲ್ಲಿ ಸ್ಟೆಂಟ್ ದರ ನೋಡಿ ಸಮಾಧಾನ ಪಟ್ಟುಕೊಂಡು ಕೊನೆ ಪುಟಕ್ಕೆ ಬಂದು ನನ್ನ ಮುಖ ನೋಡುತ್ತಿದ್ದರು.

ಇದು ನಮ್ಮ ಒಂದು ಕಡೆ ಮಾತ್ರ ಅಲ್ಲ. 2018ರ ಫೆಬ್ರವರಿಯಲ್ಲಿ ಅದೇ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಮುತ್ತ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ತೆಗೆದು ನೋಡಿತ್ತು. ಕೆಲವು ಸಾಮಾನಿನ ಮೇಲೆ 1,737 ಪರ್ಸೆಂಟ್‌ವರೆಗೆ ಲಾಭ ಇತ್ತು. ಹಾಗಂತ ಎಂಆರ್‌ಪಿ ದಾಟಿ ಮಾರಿದ್ದಾರಾ ಅಂದರೆ ಇಲ್ಲ! ದೊಡ್ಡ ಗಿರಾಕಿ ಅಂತ ಕಂಪನಿಯವರಿಂದ ಎಂಆರ್‌ಪಿಯನ್ನೇ ಎತ್ತರಕ್ಕೆ ಪ್ರಿಂಟ್ ಮಾಡಿಸಿಕೊಳ್ಳುವುದು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು. ಹಿಟ್ಟಿನ ಚೀಲದಲ್ಲಿ ಇಲಿ ಹೊಕ್ಕ ಹಾಗೆ, ಎಲ್ಲಿ ಹೊಲಿದರೂ ಇನ್ನೊಂದು ಕಡೆ ಕೊರೆಯುತ್ತೆ.

ತಾಲ್ಲೂಕು ಡಾಕ್ಟ್ರು
ಎಲ್ಲರನ್ನೂ ಇಲಿ ಮಾಡಬೇಡಿ ಮೇಡಂ. ನನ್ನದು 20 ಹಾಸಿಗೆ ನರ್ಸಿಂಗ್ ಹೋಮ್. ನಾನೂ ಹೆಂಡತಿಯೂ ಡಾಕ್ಟರು, ಐದು ಜನ ನರ್ಸ್. ಜನರೇಟರ್‌ಗೆ ಡೀಸೆಲ್ ನಾನೂ ಕ್ಯಾಂಟರ್ ಅಣ್ಣ ಕೊಳ್ಳುವ ದರಕ್ಕೇ ಕೊಳ್ಳಬೇಕು. ಸರ್ಕಾರಿ ಯೋಜನೆಯಲ್ಲಿ ಒಂದೊಂದು ಆಪರೇಷನ್‌ಗೆ ಪ್ಯಾಕೇಜ್ ದರ ಕಟ್ಟಿದ್ದಾರೆ. ಮಾಡಿದ್ದೇನೆ. ದರ ಕಮ್ಮಿ, ಅದನ್ನು ಸಹಿಸಬಹುದು. ದುಡ್ಡು ಬರಲು ಏಳೆಂಟು ತಿಂಗಳು, ಅದನ್ನು ಹೇಗೆ ಸಹಿಸುವುದು? ನರ್ಸ್‌ಗೆ ಸಂಬಳ ಏಳು ತಿಂಗಳು ಬಿಟ್ಟು ಕೊಡಲು ಆಗುತ್ತಾ?

2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ಬಂದಾಗ ಬೆಳಗಾವಿ ಅಧಿವೇಶನದ ಹೊತ್ತಿಗೆ ನಾನೂ ಹೋಗಿ ಕೂತಿದ್ದೆ. ಎಲ್ಲಾ ಚಿಕಿತ್ಸೆಗೂ ದರ ಸರ್ಕಾರವೇ ಕಟ್ಟುತ್ತೆ, ತಪ್ಪಿದರೆ ಜೈಲು ಅಂತ ಮೊದಲಿನ ಕರಡಿನಲ್ಲಿ ಇತ್ತು. ಬೆಂಗಳೂರಿನ ಐನೂರು ಹಾಸಿಗೆಯವರಿಗೂ ನನಗೂ ಒಂದೇ ಕೋಲು. ಅವರ ಹತ್ತಿರ ವಕೀಲರ ದಂಡೇ ಇದೆ, ನನ್ನ ಹತ್ತಿರ ಯಾರಿದ್ದಾರೆ?

ಔಷಧಿ ಅಂಗಡಿ ಅಕ್ಕ
ಡಾಕ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ವಾರ ನೀವು ಬೆಳಗಾವಿಯಲ್ಲಿ ಕೂತಿದ್ದಿರಿ. ನಮ್ಮೂರಲ್ಲಿ ಒಪಿಡಿ ಎಲ್ಲಾ ಬಂದ್. ನಮ್ಮ ಅತ್ತೆಗೆ ಜ್ವರ ನೆತ್ತಿಗೇರಿ ಆಟೋದಲ್ಲಿ ಮೂರು ಕಡೆ ಸುತ್ತಿ ಕೊನೆಗೆ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಡ್ರಿಪ್ ಹಾಕಿಸಿದೆವು. ಮುಷ್ಕರ ಮಾಡಿ ನೀವು ಗೆದ್ದಿರಿ. ಜೈಲು ಹೋಯಿತು, ದರ ಕಟ್ಟುವುದು ಸರ್ಕಾರಿ ಯೋಜನೆಗೆ ಮಾತ್ರ ಉಳಿಯಿತು.

ತಾಲ್ಲೂಕು ಡಾಕ್ಟ್ರು
ಅತ್ತೆಯವರ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕಾನೂನಿನಲ್ಲಿ ಉಳಿದಿದ್ದು ಇಷ್ಟೇ ಅಲ್ಲ. ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕೇಳುವ ಹಾಗಿಲ್ಲ. ಬಿಲ್ ಬಾಕಿ ಅಂತ ಹೆಣ ಹಿಡಿದಿಡುವ ಹಾಗಿಲ್ಲ. ಇದನ್ನೆಲ್ಲ ನಾವು ಒಪ್ಪಿದೆವು, ಒಪ್ಪಬೇಕಾದ್ದೇ.

ತಲಪಾಡಿ ಗೇಟ್
ಕೋವಿಡ್‌ನಲ್ಲಿ ಎಲ್ಲರಿಗೂ ದರ ಕಟ್ಟಿದ್ದರಲ್ಲ? 2020ರ ಜೂನ್‌ನಲ್ಲಿ. ದುಡ್ಡು ಕೊಟ್ಟು ಸೇರುವವರಿಗೆ ಜನರಲ್ ವಾರ್ಡ್ ದಿನಕ್ಕೆ 10,000, ವೆಂಟಿಲೇಟರ್ ಇದ್ದ ಐಸಿಯು 25,000. ಸರ್ಕಾರ ಕಳಿಸಿದ ರೋಗಿಗೆ ಅದೇ ವಾರ್ಡ್ 5,200. ಯಾರಿಗೆ ಬೆಡ್ ಖಾಲಿ ಇತ್ತು, ಯಾರಿಗೆ ಇರಲಿಲ್ಲ ಅಂತ ನಾನು ಹೇಳಬೇಕಾ?

ಬಂಕ್ ಭಾವ
ನನ್ನ ಬಂಕ್‌ನ ಕಥೆಯೇ ಆಯ್ತಲ್ಲ. ಬೋರ್ಡ್ ಮೇಲೆ ರೇಟ್ ಇದೆ, ಬೆಡ್ ಇಲ್ಲ.

ಲೆಕ್ಕದ ಮೇಷ್ಟ್ರು
ಪೂರ್ತಿ ಒಂದೇ ಅಲ್ಲ. ಡೀಸೆಲ್ ನಿಜವಾಗಿಯೂ ಖಾಲಿ ಆಗಿತ್ತು. ಬೆಡ್ ಎಷ್ಟೋ ಕಡೆ ಇತ್ತು, ಕಮ್ಮಿ ದರದವರಿಗೆ ಮಾತ್ರ ಇರಲಿಲ್ಲ. ಮೊದಲನೆಯದಕ್ಕೆ ದರ ಏರಬೇಕು, ಇಲ್ಲ ಸರ್ಕಾರ ನಷ್ಟ ತುಂಬಬೇಕು. ಎರಡನೆಯದಕ್ಕೆ ಯಾರಾದರೂ ಹೋಗಿ ವಾರ್ಡ್ ಬಾಗಿಲು ತೆರೆದು ಎಣಿಸಬೇಕು. ದರ ಕಟ್ಟುವುದು ಒಂದು ಸಹಿ. ಎಣಿಸುವುದಕ್ಕೆ ಜನ ಬೇಕು, ಆ ಜನ ಸರ್ಕಾರದ ಹತ್ತಿರ ಇಲ್ಲ. ನನ್ನ ತಕರಾರು ಅಷ್ಟೇ.

ಔಷಧಿ ಅಂಗಡಿ ಅಕ್ಕ
ಜನ ಇಲ್ಲ ಅಂತ ದರವೂ ಕಟ್ಟಬಾರದಾ ಮೇಷ್ಟ್ರೇ? ಸ್ಟೆಂಟ್‌ಗೆ ಕಟ್ಟಿದ್ದಕ್ಕೇ ಕ್ಯಾಂಟರ್ ಅಣ್ಣನ ಬಿಲ್ 40 ಸಾವಿರ ಇಳಿಯಿತು. ಪೂರ್ತಿ 85 ಸಾವಿರ ಇಳಿಯಲಿಲ್ಲ, ಸರಿ. 40 ಸಾವಿರ ಅಂದರೆ ಸುಮ್ನೆ ಅಲ್ಲ.

ಲೆಕ್ಕದ ಮೇಷ್ಟ್ರು
ಒಪ್ಪಿದೆ. ಸ್ಟೆಂಟ್‌ಗೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ.

ಶಿರಾ ಕ್ಯಾಂಟರ್
ಬಿಲ್ಲಿಂಗ್ ಕೌಂಟರ್ ಮೇಡಂ, ಒಂದು ಕೇಳಬೇಕು. ಅಪ್ಪನಿಗೆ ಮತ್ತೆ ಆಯಾಸ ಬರುತ್ತಿದೆ, ಡಾಕ್ಟರು ಆಂಜಿಯೋಗ್ರಾಮ್ ಮಾಡಿಸಿ ಅಂದಿದ್ದಾರೆ. ಈ ಸಲ ಏನು ನೋಡಿಕೊಳ್ಳಬೇಕು?

ಬಿಲ್ಲಿಂಗ್ ಕೌಂಟರ್
ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವಕ್ಕೆ ಹೋಗಲು ಆದರೆ ಮೊದಲು ಅಲ್ಲಿಗೇ ಹೋಗಿ, ಕಾಯಬೇಕಾಗಬಹುದು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ, ಸರ್ಕಾರಿ ಯೋಜನೆಯಲ್ಲಿ ಆಗುತ್ತಾ ಅಂತ ಸೇರುವ ಮೊದಲೇ ಕೇಳಿ, ಸೇರಿದ ಮೇಲೆ ಅಲ್ಲ. ಖಾಸಗಿ ಆದರೆ ಅಂದಾಜು ವೆಚ್ಚ ಬರೆದು ಕೊಡಿ ಅನ್ನಿ. ಬಾಯಿ ಮಾತು ಬೇಡ. ಕ್ಯಾಥ್ ಲ್ಯಾಬ್ ಸಾಮಾನು ಅದರಲ್ಲಿ ಸೇರಿದೆಯಾ, ಹೊರಗಾ ಅಂತ ಕೇಳಿ. ಬಿಲ್‌ನಲ್ಲಿ ಸ್ಟೆಂಟ್ ದರ, ಬ್ರ್ಯಾಂಡ್, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ತೋರಿಸಲೇಬೇಕು, ಅದು ನಿಯಮ. ಸ್ಟೆಂಟ್ ಡಬ್ಬಿಯ ಸ್ಟಿಕರ್ ಕೇಳಿ ಇಸಕೊಳ್ಳಿ. ಹಳೇದರ ಸ್ಟಿಕರ್ ನಿಮ್ಮ ಫೈಲ್‌ನಲ್ಲಿ ಇರಬೇಕು ನೋಡಿ, ಹೊಸ ಡಾಕ್ಟರಿಗೂ ಬೇಕಾಗುತ್ತೆ.

ಶಿರಾ ಕ್ಯಾಂಟರ್
ಸಿಕ್ಕಿತು ಮೇಡಂ. ಅಪ್ಪ ಎಲ್ಲಾ ಚೀಟಿಗಳನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. 2016ರ ಸ್ಟಿಕರ್ ಡಿಸ್‌ಚಾರ್ಜ್ ಸಮ್ಮರಿ ಹಿಂದೆ ಅಂಟಿಸಿದ್ದಾರೆ. ಎಂಆರ್‌ಪಿ ಇರುವ ಜಾಗದಲ್ಲಿ ಇನ್ನೊಂದು ಚಿಕ್ಕ ಸ್ಟಿಕರ್ ಅಂಟಿಸಿದೆ.

ಬಂಕ್ ಭಾವ
ಕೆಳಗೆ ಏನಿದೆ ನೋಡಿದ್ರಾ?

ಶಿರಾ ಕ್ಯಾಂಟರ್
ಉಗುರಲ್ಲಿ ಕೆರೆದೆ. ಎರಡೂ ಒಟ್ಟಿಗೇ ಹರಿದು ಬಂದವು.